ಕಾರ್ಬೈನ್ ಗಟ್ಟಿಯೋ ಅಲ್ಲವೋ: ಎಂ1ರ ಸಾಕ್ಷ್ಯಗಳನ್ನು ಓದುವ ಬಗೆ

ಕಾಸರಗೋಡಿನಿಂದ ಸೊಲ್ಲಾಪುರದವರೆಗೆ ಬೇರೆ ಬೇರೆ ಊರುಗಳಿಂದ ಕೂಡಿಕೊಂಡಿದ್ದೀರಿ. ಗಡಿನಾಡ ಕನ್ನಡಿಗರ ಗೋಷ್ಠಿಯಲ್ಲಿ ಅಮೆರಿಕದ ಬಂದೂಕಿಗೇನು ಕೆಲಸ ಅಂತ ಕೆಲವರಿಗೆ ಅನ್ನಿಸಬಹುದು. ನಾನು ಎತ್ತಬೇಕೆಂದಿರುವ ಪ್ರಶ್ನೆ ಇಷ್ಟೆ: ಒಂದು ವಸ್ತುವಿನ ಬಗ್ಗೆ ಕಚೇರಿಯ ದಾಖಲೆ ಒಂದು ಹೇಳುತ್ತೆ, ಬಳಸಿದವರ ನೆನಪು ಇನ್ನೊಂದು ಹೇಳುತ್ತೆ, ಕೈಯಲ್ಲಿರುವ ವಸ್ತು ಮತ್ತೊಂದು ಹೇಳುತ್ತೆ. ಆಗ ತೀರ್ಮಾನ ಹೇಗೆ ಮಾಡೋದು? ಇದಕ್ಕೆ ಎಂ1 ಕಾರ್ಬೈನ್‌ಗಿಂತ ಒಳ್ಳೆ ಉದಾಹರಣೆ ಸಿಗುವುದು ಕಷ್ಟ.

ಮೊದಲು ವಸ್ತು ಏನು ಅಂತ ನೋಡೋಣ. ಫಿರಂಗಿ ದಳದವರು, ಸಂದೇಶವಾಹಕರು, ವಾಹನ ಚಾಲಕರು, ಅಧಿಕಾರಿಗಳು, ಹೀಗೆ ಬಂದೂಕು ಹಿಡಿಯುವುದೇ ಮುಖ್ಯ ಕೆಲಸವಲ್ಲದವರಿಗೆ ಪಿಸ್ತೂಲಿಗಿಂತ ಮೇಲಾದ ಒಂದು ಹಗುರ ಆಯುಧ ಬೇಕಿತ್ತು. 1941ರಲ್ಲಿ ಅಮೆರಿಕದ ಸೈನ್ಯ ಹಲವು ಮಾದರಿಗಳನ್ನು ಪರೀಕ್ಷಿಸಿ ವಿಂಚೆಸ್ಟರ್ ಕಂಪನಿಯದನ್ನು ಆರಿಸಿತು. ತೂಕ ಸುಮಾರು 2.4 ಕಿಲೋ. ಅದೇ ಕಾಲದ ಗ್ಯಾರಂಡ್ ರೈಫಲ್ 4.3 ಕಿಲೋದಷ್ಟಿತ್ತು. ಅರೆಸ್ವಯಂಚಾಲಿತ ಅಂದ್ರೆ, ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು. ಮುಂದಿನದು ತಾನಾಗಿ ಏರಿ ಕೂರುತ್ತದೆ.

1942ರಿಂದ 1945ರೊಳಗೆ ಇಂಥವು 60 ಲಕ್ಷಕ್ಕೂ ಹೆಚ್ಚು ತಯಾರಾದವು. ಮಾಡಿದವರು ಯಾರು ನೋಡಿ. ವಿಂಚೆಸ್ಟರ್ ಬಿಟ್ಟರೆ ಹೆಚ್ಚಿನವರು ಬಂದೂಕಿನ ಕಸುಬಿನವರೇ ಅಲ್ಲ. ಜನರಲ್ ಮೋಟಾರ್ಸ್‌ನ ಇನ್‌ಲ್ಯಾಂಡ್ ವಿಭಾಗ, ಟೈಪ್‌ರೈಟರಿನ ಅಂಡರ್‌ವುಡ್, ಲೆಕ್ಕದ ಯಂತ್ರಗಳ ಐಬಿಎಂ, ಹಾಡಿನ ಪೆಟ್ಟಿಗೆ ಮಾಡುತ್ತಿದ್ದ ರಾಕ್-ಓಲಾ. ಹಾಗಾದ್ರೆ ಗುಣಮಟ್ಟ ಎಲ್ಲಿಂದ ಬಂತು? ಅಳತೆಪಟ್ಟಿಯಿಂದ. ನಕ್ಷೆ ಒಂದೇ, ಗೇಜುಗಳು ಒಂದೇ. ಒಬ್ಬರು ಮಾಡಿದ ಭಾಗ ಇನ್ನೊಬ್ಬರ ಬಂದೂಕಿಗೆ ಉಜ್ಜದೆ, ತಿದ್ದದೆ ಕೂರಬೇಕು. ಕಾರ್ಖಾನೆಗಳು ತಮ್ಮತಮ್ಮಲ್ಲೇ ಭಾಗಗಳನ್ನು ಹಂಚಿಕೊಂಡವು. ಹೆಚ್ಚಿನ ಒತ್ತಡದ ಗುಂಡು ಹಾರಿಸಿ ತಾಳಿಕೆ ನೋಡಿದ ಮೇಲೆ ಕೊಳವೆಗೆ ‘ಪಿ’ ಮುದ್ರೆ ಬೀಳುತ್ತಿತ್ತು.

ಈ ಜರಡಿ ಬರೀ ತೋರಿಕೆಯದಾಗಿರಲಿಲ್ಲ. ಮಿಶಿಗನ್ನಿನ ಇರ್ವಿನ್-ಪೆಡರ್ಸನ್ ಕಂಪನಿ ಸಾವಿರಾರು ಕಾರ್ಬೈನ್ ಮಾಡಿದರೂ ಅದರ ಹೆಸರಲ್ಲಿ ಒಂದನ್ನೂ ಸೈನ್ಯ ಒಪ್ಪಿಕೊಳ್ಳಲಿಲ್ಲ. 1943ರಲ್ಲಿ ಆ ಗುತ್ತಿಗೆ ಸ್ಯಾಜಿನಾ ಸ್ಟಿಯರಿಂಗ್ ಗೇರ್ ವಿಭಾಗದ ಕೈಗೆ ಹೋಯಿತು. ಹೆಸರಾಂತ ವಿನ್ಯಾಸಕಾರ ಜೊತೆಗಿದ್ದ ಮಾತ್ರಕ್ಕೆ ತಯಾರಿಕೆ ಸರಿಯಾಗುವುದಿಲ್ಲ ಅನ್ನೋದಕ್ಕೆ ಇದು ಪಾಠ.

ಆದರೆ ತಯಾರಿಕೆ ಗಟ್ಟಿಯಾದರೆ ನಂಬಿಕೆಗೆ ಅರ್ಹ ಅಂತ ಆಗಿಬಿಡುತ್ತಾ? ಇಲ್ಲ. ಮೂರು ಸಂಗತಿ ಹೇಳ್ತೇನೆ.

ಒಂದು, ಮದ್ದು. ನೀಲಗಿರಿಯವರಿಗೆ ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆ ಗೊತ್ತು. ಬಂದೂಕಿನ ಮಾತಿನಲ್ಲಿ ಮದ್ದಿನ ಪಾಲೆಷ್ಟು ಅಂತ ಅವರಿಗೆ ವಿವರಿಸಬೇಕಿಲ್ಲ. ಎಂ1ರಲ್ಲಿ ಕೊಳವೆಯ ಅನಿಲ ಒಂದು ಪುಟ್ಟ ಪಿಸ್ಟನ್ನನ್ನು ತಳ್ಳುತ್ತದೆ, ಅದು ಬಂದೂಕಿನ ಜಾರುಭಾಗಕ್ಕೆ ಗುದ್ದು ಕೊಡುತ್ತದೆ. ಈ ಪಿಸ್ಟನ್ ಸೈನಿಕ ದಿನವೂ ಬಿಚ್ಚಿ ತೊಳೆಯುವ ಜಾಗವಲ್ಲ. ಹಾಗಾಗಿ ಮೊದಲಿನಿಂದಲೇ ಇದರ ಗುಂಡಿಗೆ ತುಕ್ಕು ತರದ ಪ್ರೈಮರ್ ಹಾಕಿದರು.

ಎರಡು, ಮ್ಯಾಗಜೀನು. 15 ಗುಂಡಿನದು ಹಗುರವಾಗಿತ್ತು. ಮುಂದೆ ಪೂರ್ಣ ಸ್ವಯಂಚಾಲಿತವಾಗಿಯೂ ಹೊಡೆಯಬಲ್ಲ ಎಂ2 ಜೊತೆ 30 ಗುಂಡಿನದು ಬಂತು. ಅದರ ಭಾರಕ್ಕೆ ಹಳೆ ಕೊಕ್ಕೆ ಸಾಲದೆ, ಇನ್ನೊಂದು ಆಸರೆಯಿರುವ ಹೊಸ ಕೊಕ್ಕೆ ಬೇಕಾಯಿತು. ಮ್ಯಾಗಜೀನು ಒಂದಿಷ್ಟು ಜೋತುಬಿದ್ದರೂ ಗುಂಡು ಸಿಕ್ಕಿಕೊಳ್ಳುತ್ತದೆ.

ಮೂರು, ಮನುಷ್ಯನ ಬೆರಳು. ಆರಂಭದ ಮಾದರಿಯಲ್ಲಿ ಸೇಫ್ಟಿ ಗುಂಡಿಯೂ ಮ್ಯಾಗಜೀನು ಬಿಡಿಸುವ ಗುಂಡಿಯೂ ಪಕ್ಕಪಕ್ಕ. ಅವಸರದಲ್ಲಿ ಒಂದರ ಬದಲು ಇನ್ನೊಂದು ಒತ್ತಿದರೆ ಮ್ಯಾಗಜೀನು ಕಳಚಿ ನೆಲಕ್ಕೆ! ಆಮೇಲೆ ಸೇಫ್ಟಿಯನ್ನು ತಿರುಗಿಸುವ ಸನ್ನೆಯಾಗಿ ಬದಲಿಸಿದರು. ಉಕ್ಕು ಎಷ್ಟು ಒಳ್ಳೇದಿದ್ದರೂ ಈ ದೋಷ ಗೇಜಿಗೆ ಸಿಗುವಂಥದ್ದಲ್ಲ.

ಈಗ ಕೊರಿಯಾಕ್ಕೆ ಬರೋಣ. 1950-51ರ ಚಳಿಗಾಲದಲ್ಲಿ ಕಾರ್ಬೈನ್ ಮೇಲೆ ದೂರುಗಳು ಸುರಿದವು: ಹಿಮದಲ್ಲಿ ನಿಧಾನವಾಗುತ್ತೆ, ಗುಂಡು ಶತ್ರುವಿನ ದಪ್ಪ ಹತ್ತಿಯ ಕೋಟನ್ನು ದಾಟಲ್ಲ. ಎಸ್. ಎಲ್. ಎ. ಮಾರ್ಷಲ್ ಸೈನಿಕರನ್ನು ಮಾತಾಡಿಸಿ ವರದಿ ಬರೆದರು. ಮೊದಲ ದೂರಿಗೆ ಕಾರಣ ಕಾಣುತ್ತದೆ. ಕೊರೆಯುವ ಚಳಿಯಲ್ಲಿ ಎಣ್ಣೆ ಮಂದವಾಗುತ್ತದೆ, ಪುಟ್ಟ ಪಿಸ್ಟನ್ನಿನ ಗುದ್ದಿಗೆ ಅಷ್ಟು ಹೆಚ್ಚುವರಿ ಶಕ್ತಿ ಇರುವುದಿಲ್ಲ. ಎರಡನೆಯದು ಹಾಗಲ್ಲ. ಸುಮಾರು 7 ಗ್ರಾಮಿನ ಗುಂಡು ಸೆಕೆಂಡಿಗೆ 600 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದರ ಶಕ್ತಿ ಸೈನ್ಯದ.45 ಪಿಸ್ತೂಲಿನ ಗುಂಡಿಗಿಂತ ಎರಡು ಪಟ್ಟಿಗೂ ಜಾಸ್ತಿ. ಹತ್ತಿರದಲ್ಲಿ ಹತ್ತಿಯ ಕೋಟು ಅದನ್ನು ತಡೆಯಿತು ಅನ್ನೋದು ನಂಬುವ ಮಾತಲ್ಲ. ಗುರಿ ತಪ್ಪಿದ್ದಿರಬಹುದು, ತಗುಲಿದವನು ತಕ್ಷಣ ಬೀಳದೆ ಇದ್ದಿರಬಹುದು.

ಹಾಗಂತ ಸೈನಿಕ ಸುಳ್ಳು ಹೇಳಿದ ಅನ್ನಬೇಡಿ. ಹೊಡೆದೆ, ಅವನು ಬೀಳಲಿಲ್ಲ ಅನ್ನೋದು ಅವನು ಕಂಡದ್ದು. ಕೋಟು ತಡೆಯಿತು ಅನ್ನೋದು ಅವನು ಕೊಟ್ಟುಕೊಂಡ ಕಾರಣ. ಕಂಡದ್ದನ್ನೂ ಕಾರಣವನ್ನೂ ಬೇರೆ ಮಾಡಿ ಓದುವುದೇ ನಮ್ಮ ಕೆಲಸ. ಆ ಆಯುಧದ ಮೇಲಿನ ನಂಬಿಕೆ ಕಳಕೊಂಡವನ ಭಯ ಅಂತೂ ನಿಜವೇ, ಅದೂ ಇತಿಹಾಸದ ಭಾಗ.

ಹಾಗಾದ್ರೆ ಉಳಿದಿರುವ ಬಂದೂಕನ್ನೇ ಬಿಚ್ಚಿ ನೋಡಿದರಾಯಿತಲ್ವಾ? ಅಲ್ಲೂ ಎಚ್ಚರ ಬೇಕು. ಯುದ್ಧ ಮುಗಿದ ಮೇಲೆ ಸೈನ್ಯದ ಕಾರ್ಯಾಗಾರಗಳಲ್ಲಿ ಲಕ್ಷಾಂತರ ಕಾರ್ಬೈನ್‌ಗಳನ್ನು ಬಿಚ್ಚಿ, ಭಾಗಗಳನ್ನು ಬೆರೆಸಿ, ಹೊಸ ಸೈಟು, ಹೊಸ ಸೇಫ್ಟಿ ಹಾಕಿ ಮತ್ತೆ ಕಟ್ಟಿದರು. ಮೇಲೆ ಐಬಿಎಂ ಹೆಸರಿದ್ದರೂ ಒಳಗೆ ನಾಲ್ಕು ಕಂಪನಿಗಳ ಭಾಗ ಇರಬಹುದು. ಅದು ಚೆನ್ನಾಗಿ ಓಡಿದರೆ 1943ರ ಐಬಿಎಂ ಕಾರ್ಖಾನೆಗೆ ಸರ್ಟಿಫಿಕೇಟ್ ಸಿಕ್ಕಂತಲ್ಲ. ಆದರೆ ಹಾಗೆ ಬೆರೆಸಿಯೂ ಓಡುತ್ತಿದೆ ಅಂದರೆ, ಅಳತೆಪಟ್ಟಿಯ ಶಿಸ್ತು ನಿಜವಾಗಿತ್ತು ಅನ್ನೋದಕ್ಕೆ ಅದೇ ಸಾಕ್ಷಿ.

ಆದ್ದರಿಂದ ನನ್ನ ತೀರ್ಮಾನ ಹೀಗೆ. ಎಂ1ರ ತಯಾರಿಕೆ ಗಟ್ಟಿ. ಯಾವ ಕೆಲಸಕ್ಕೆ ಮಾಡಿದರೋ ಆ ಕೆಲಸದಲ್ಲಿ ಅದು ನಂಬಿಕೆಗೆ ಅರ್ಹ. ರೈಫಲಿನ ಕೆಲಸವನ್ನೂ ಮಷೀನ್‌ಗನ್ನಿನ ಕೆಲಸವನ್ನೂ ಹೊರಿಸಿದಾಗ ಅದು ಕುಗ್ಗಿತು.

ಅಕ್ಕಲಕೋಟೆ, ಜತ್ತದಂಥ ಹಳೆ ಸಂಸ್ಥಾನಗಳ ಮೇಲೆ ಕೆಲಸ ಮಾಡುವವರು ಇದನ್ನು ನಿಮ್ಮ ಟಿಪ್ಪಣಿಗೆ ಸೇರಿಸಿಕೊಳ್ಳಿ. ಅಲ್ಲಿ ದಫ್ತರ ಮರಾಠಿಯಲ್ಲಿ, ಮನೆಯ ನೆನಪು ಕನ್ನಡದಲ್ಲಿ. ಎರಡರ ಮಾತು ಹೊಂದದಾಗ ಒಂದನ್ನು ಸುಳ್ಳು ಅನ್ನುವ ಮೊದಲು, ಯಾರು, ಯಾವಾಗ, ಯಾವ ಕೆಲಸಕ್ಕಾಗಿ ಹೇಳಿದರು ಅಂತ ಕೇಳಿ. ಇಷ್ಟು ಹೇಳಿ ನಿಲ್ಲಿಸ್ತೇನೆ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.