ಆಂಬ್ಯುಲೆನ್ಸ್ ಹಿಂಬದಿಯ ತ್ರಿಶಂಕು

108ಕ್ಕೆ ಫೋನ್ ಮಾಡಿದ್ರೆ ಬರೋ ಗಾಡಿಯಲ್ಲಿ ಮುಂದೆ ಡ್ರೈವರ್ ಇರ್ತಾರೆ. ಹಿಂದೆ, ರೋಗಿಯ ಪಕ್ಕ ಕೂತಿರೋರು ಇಎಂಟಿ, ಅಂದ್ರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಆದ್ರೆ ಆಸ್ಪತ್ರೆ ತಲುಪೋವರೆಗೂ ರೋಗಿಯ ಜೀವ ಇವರ ಕೈಯಲ್ಲೇ. ಏನಾದ್ರೂ ಎಡವಟ್ಟಾಗಿ ಕೇಸ್ ಆದ್ರೆ, ಕಾನೂನು ಇವರನ್ನ ಯಾರು ಅಂತ ನೋಡುತ್ತೆ? ಉತ್ತರ ಬೇಕಂದ್ರೆ ಸುಮಾರು ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಅಪಘಾತ ಅಂದ್ರೆ ಮೊದಲು ಪೊಲೀಸ್ ಕೇಸ್, ಆಮೇಲೆ ಚಿಕಿತ್ಸೆ. ಕಾರೊಂದು ಸ್ಕೂಟರ್ ಸವಾರನಿಗೆ ಗುದ್ದಿತ್ತು. ದಾರಿಹೋಕರೊಬ್ಬರು ಆತನನ್ನ ಹತ್ತಿರದ ಆಸ್ಪತ್ರೆಗೆ ಒಯ್ದರು. 'ಇಂಥ ಕೇಸ್ ನಾವು ತಗೊಳಲ್ಲ' ಅಂತ ಅಲ್ಲಿಂದ 20 ಕಿಲೋಮೀಟರ್ ದೂರದ ಆಸ್ಪತ್ರೆಗೆ ಸಾಗಹಾಕಿದರು. ಆತ ದಾರಿಯಲ್ಲೇ ತೀರಿಕೊಂಡ. ಪೇಪರ್‌ನಲ್ಲಿ ಬಂದ ಈ ಸುದ್ದಿ ಹಿಡಿದುಕೊಂಡು ಪರಮಾನಂದ ಕಟಾರ ಸುಪ್ರೀಂ ಕೋರ್ಟಿಗೆ ಹೋದರು. 1989ರ ಆಗಸ್ಟ್ 28ರಂದು ತೀರ್ಪು ಬಂತು: ಸರ್ಕಾರಿ ಇರಲಿ, ಖಾಸಗಿ ಇರಲಿ, ಜೀವ ಉಳಿಸೋದೇ ಡಾಕ್ಟರ ಮೊದಲ ಕರ್ತವ್ಯ, ಕಾನೂನಿನ ವಿಧಿವಿಧಾನ ಏನಿದ್ದರೂ ಆಮೇಲೆ.

ಹಾಗೆ ಬಾಗಿಲೇನೋ ತೆರೆಯಿತು. ಆದ್ರೆ ಒಳಗಿದ್ದ ಡಾಕ್ಟರಿಗೆ ಬೇರೆ ಭಯ ಇತ್ತು. ಪಂಜಾಬಿನಲ್ಲಿ ಉಸಿರಾಟದ ತೊಂದರೆಯಾಗಿದ್ದ ರೋಗಿಗೆ ಆಕ್ಸಿಜನ್ ಕೊಡೋಕೆ ಹೋದರೆ, ಸಿಲಿಂಡರ್ ಖಾಲಿ! ಇನ್ನೊಂದು ತರೋವಷ್ಟರಲ್ಲಿ ಕಾಲ ಮಿಂಚಿತ್ತು. ಡಾಕ್ಟರ್‌ಗಳ ಮೇಲೆ ಕ್ರಿಮಿನಲ್ ಕೇಸ್ ಬಿತ್ತು. 2005ರ ಆಗಸ್ಟ್ 5ರಂದು, ಜೇಕಬ್ ಮ್ಯಾಥ್ಯೂ ಪ್ರಕರಣ ಅಂತಲೇ ಹೆಸರಾದ ಈ ಕೇಸನ್ನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಬರೀ ನಿರ್ಲಕ್ಷ್ಯ ಸಾಲದು, ಘೋರ ನಿರ್ಲಕ್ಷ್ಯ ಇದ್ದರಷ್ಟೇ ಅದು ಅಪರಾಧ ಅಂದಿತು. ತನಿಖೆಗೆ ಮುಂಚೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೀಬೇಕು, ಸುಮ್ಮಸುಮ್ಮನೆ ಬಂಧಿಸಬಾರದು ಅಂತಲೂ ಸೂಚಿಸಿತು.

ಇದಾಗಿ ಹತ್ತೇ ದಿನಕ್ಕೆ, ಆಗಸ್ಟ್ 15ರಂದು, ಹೈದರಾಬಾದಿನಲ್ಲಿ 108 ಸೇವೆ ಶುರುವಾಯ್ತು. ಕರ್ನಾಟಕಕ್ಕೆ ಅದು 'ಆರೋಗ್ಯ ಕವಚ'ವಾಗಿ ಬಂದಿದ್ದು 2008ರ ರಾಜ್ಯೋತ್ಸವದ ದಿನ. ಆಕ್ಸಿಜನ್ ಸಿಲಿಂಡರ್ ಈಗ ಗಾಡಿಯೊಳಗೆ, ಇಎಂಟಿಯ ಕೈಗೆ ಬಂತು. ಕಾನೂನಿನ ರಕ್ಷಣೆ ಮಾತ್ರ ಅದರ ಜೊತೆ ಬರಲಿಲ್ಲ.

ಮುಂದಿನ ಸರದಿ ದಾರಿಹೋಕರದ್ದು. ಗಾಯಾಳುಗಳಿಗೆ ನೆರವಾದವರನ್ನ ಪೊಲೀಸರು ಪೀಡಿಸದಂತೆ ಕೇಂದ್ರ ಹೊರಡಿಸಿದ್ದ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಬಲ ತುಂಬಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಸಹಾಯ ಮಾಡೋವಾಗ ತಪ್ಪಾದರೂ ಕೇಸ್ ಇಲ್ಲ. ಆದ್ರೆ ಒಂದು ಷರತ್ತು: ಸಹಾಯ ಸ್ವಂತ ಇಚ್ಛೆಯಿಂದ ಆಗಿರಬೇಕು, ಪ್ರತಿಫಲದ ನಿರೀಕ್ಷೆ ಇರಬಾರದು. ಇಎಂಟಿಗೆ ಸಂಬಳ ಇದೆಯಲ್ಲ! ರಜಾ ದಿನ ರಸ್ತೆ ಬದಿ ನಿಂತು ಗಾಯಾಳುವಿಗೆ ನೆರವಾದರೆ ರಕ್ಷಣೆ ಉಂಟು. ಅದೇ ಕೆಲಸ ಯೂನಿಫಾರ್ಮ್ ಹಾಕಿಕೊಂಡು ಮಾಡಿದರೆ ಈ ಸೆಕ್ಷನ್ ನೆರವಿಗೆ ಬರೋದು ಕಷ್ಟ.

ಸರಿ, ಡಾಕ್ಟರ ಸಾಲಿಗಾದರೂ ಸೇರ್ತಾರಾ? 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಿರ್ಲಕ್ಷ್ಯದಿಂದ ಸಾವಾದರೆ ಹಿಂದೆ ಎಲ್ಲರಿಗೂ ಗರಿಷ್ಠ 2 ವರ್ಷ ಶಿಕ್ಷೆ ಇತ್ತು. ಹೊಸ 106ನೇ ಸೆಕ್ಷನ್ ಅದನ್ನ 5 ವರ್ಷಕ್ಕೆ ಏರಿಸಿತು. ಚಿಕಿತ್ಸೆ ಕೊಡುವಾಗಿನ ನಿರ್ಲಕ್ಷ್ಯಕ್ಕೆ 2 ವರ್ಷವೇ ಉಳಿದಿದ್ದು ನೋಂದಾಯಿತ ವೈದ್ಯರಿಗೆ ಮಾತ್ರ. ನೋಂದಾಯಿತ ಅಂದ್ರೆ ವೈದ್ಯಕೀಯ ರಿಜಿಸ್ಟರ್‌ನಲ್ಲಿ ಹೆಸರಿರೋರು. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಪ್ಯಾರಾಮೆಡಿಕ್‌ಗಳನ್ನ ತನ್ನ ಪಟ್ಟಿಗೆ ಸೇರಿಸಿದ್ದು ನಿಜ. ಆದ್ರೆ ಆ ರಿಜಿಸ್ಟರ್ ಬೇರೆ, ಈ ರಿಜಿಸ್ಟರ್ ಬೇರೆ. ಅಂದ್ರೆ, ಫೋನಿನಲ್ಲಿ ಸಲಹೆ ಕೊಟ್ಟ ಡಾಕ್ಟರಿಗೆ 2 ವರ್ಷದ ಮಿತಿ, ಆ ಸಲಹೆಯಂತೆ ಸೂಜಿ ಚುಚ್ಚಿದವರಿಗೆ 5 ವರ್ಷದ್ದು.

ತಪ್ಪು ಮಾಡಿದರೂ ಇಎಂಟಿಯನ್ನ ಕೇಳಬಾರದು ಅಂತಲ್ಲ. ಪ್ರಾಣ ಕಳಕೊಂಡವರ ಮನೆಯವರಿಗೂ ನ್ಯಾಯ ಬೇಕು. ಆದ್ರೆ ಅಲುಗಾಡೋ ಗಾಡಿಯಲ್ಲಿ, ಕೆಲವೇ ನಿಮಿಷಗಳಲ್ಲಿ ತಗೊಂಡ ನಿರ್ಧಾರವನ್ನ ಅಳೆಯೋಕೆ ಅದಕ್ಕೆ ತಕ್ಕ ಅಳತೆಗೋಲು ಇರಬೇಕಲ್ವಾ? ಸದ್ಯಕ್ಕೆ ಇಎಂಟಿಯ ಕೈಲಿರೋ ಗುರಾಣಿ ಒಂದೇ. ಎಷ್ಟು ಗಂಟೆಗೆ ತಲುಪಿದೆ, ನಾಡಿ ಎಷ್ಟಿತ್ತು, ಡಾಕ್ಟರ್ ಏನು ಹೇಳಿದರು, ನಾನೇನು ಕೊಟ್ಟೆ ಅಂತ ಬರೆದಿಟ್ಟ ಕೇಸ್ ಶೀಟ್. ಕೋರ್ಟ್‌ನಲ್ಲಿ ಅವರ ಪರ ಮೊದಲು ಮಾತಾಡೋದು ಆ ಒಂದು ಹಾಳೆಯೇ.