ಹಿಸ್ಸಾ

ಅರಬ್ಬಿಯಲ್ಲಿ ‘ಹಿಸ್ಸ’ ಎಂದರೆ ಪಾಲು. ಪಾರಸಿ, ಉರ್ದುಗಳ ದಾರಿಯಲ್ಲಿ ಕಂದಾಯ ಕಚೇರಿಗೆ ಬಂದು ನಮ್ಮದೇ ಆಗಿಹೋದ ಪದ. ಅಣ್ಣತಮ್ಮಂದಿರು ಭಾಗವಾಗಿ ಜಮೀನು ಪೋಡಿಯಾದರೆ ಸರ್ವೆ ನಂಬರ್ 45 ಒಡೆದು 45/1, 45/2 ಆಗುತ್ತದಲ್ಲ, ಆ ಓರೆಗೆರೆಯ ಆಚೆಗಿನ ಅಂಕಿಯೇ ಹಿಸ್ಸಾ.

ಒಂಟಿಯಾಗಿ ಈ ಅಂಕಿಗೆ ಬೆಲೆಯಿಲ್ಲ. 45/2 ಯಲಹಂಕದ ಕಡೆ ಜಕ್ಕೂರಿನಲ್ಲೂ ಇರಬಹುದು, ಕೋಗಿಲಿನಲ್ಲೂ. ಅದಕ್ಕೇ ಸರ್ಕಾರದ ಭೂದಾಖಲೆ ವ್ಯವಸ್ಥೆ ‘ಭೂಮಿ’ಯಲ್ಲಿ ಪಹಣಿ ಬೇಕೆಂದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಲ್ಲವನ್ನೂ ಕೊಡಬೇಕು. ಡೇಟಾಬೇಸ್‌ನವರ ಮಾತಿನಲ್ಲಿ ಇದು ಕಾಂಪೊಸಿಟ್ ಕೀ. ‘ಕೂಡುಕೀಲಿ’ ಎನ್ನಲು ನನಗಿಷ್ಟ. ಮಾಲೀಕರ ಕೋಷ್ಟಕವನ್ನು ಜಮೀನಿನ ಕೋಷ್ಟಕಕ್ಕೆ ಕಟ್ಟುವ ಫಾರಿನ್ ಕೀಯಲ್ಲೂ ಇಷ್ಟೂ ಕಾಲಂ ಒಟ್ಟಿಗೇ ತಾಳೆಯಾಗಬೇಕು. ಗ್ರಾಮ ಬೇರೆ, ನಂಬರ್ ಬೇರೆ ಎಂದು ಬಿಡಿಬಿಡಿಯಾಗಿ ನೋಡಿದರೆ ಇಲ್ಲದ ಜಮೀನಿಗೂ ಮಾಲೀಕ ಹುಟ್ಟಿಕೊಳ್ಳುತ್ತಾನೆ. (ಅಂಥ ಮಾಲೀಕರು ಕಂಪ್ಯೂಟರ್ ಬರುವ ಮೊದಲೂ ಇದ್ದರು, ಆ ಮಾತು ಬೇರೆ.)

ಇನ್ನೊಂದು ಸಂದಿ ಇದೆ. ಹಿಸ್ಸಾ ಕಾಲಂ ‘ನಲ್’, ಅಂದರೆ ಖಾಲಿ, ಆಗಿದ್ದರೆ ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್ ಸಾಮಾನ್ಯವಾಗಿ ಆ ಸಾಲಿನ ಇಡೀ ತಪಾಸಣೆಯನ್ನೇ ಕೈಬಿಡುತ್ತದೆ. ಪಹಣಿಯಲ್ಲಿ ಹಿಸ್ಸಾ ಅಂಕಿಯ ಜಾಗದಲ್ಲಿ ಕೆಲವೊಮ್ಮೆ * ಗುರುತು ಇರುತ್ತದೆ. ಖಾಲಿ ಬಿಡುವುದಕ್ಕಿಂತ ಆ ಒಂದು ಚುಕ್ಕಿ ಎಷ್ಟೋ ವಾಸಿ.