ಕಾನ್ಹೇರಿ ಕಣಿವೆಯಲ್ಲಿ ಒಂದು ದಿನ

ಮುಂಬಯಿ ಕನ್ನಡಿಗರ ಚರಿತ್ರೆ ಎಂದೊಡನೆ ನಾವು ಉಡುಪಿ ಹೋಟೆಲು, ರಾತ್ರಿ ಶಾಲೆ, ಸಂಘ ಸಂಸ್ಥೆಗಳಿಂದ ಆರಂಭಿಸುತ್ತೇವೆ. ಆದರೆ 1,100 ವರ್ಷಗಳಿಗೂ ಹಿಂದೆಯೇ ಬೊರಿವಲಿಯ ಕಾಡಿನ ಬಂಡೆಯಲ್ಲಿ ಕನ್ನಡ ದೊರೆಯೊಬ್ಬನ ಹೆಸರು ಕೊರೆಯಲಾಗಿದೆ. ನವರಾತ್ರಿ ಮುಗಿದ ಮೇಲೆ ಬಂದ ಒಂದು ಭಾನುವಾರ ನಾವು ಆರು ಮಂದಿ ಗೆಳತಿಯರು ಬುತ್ತಿ ಕಟ್ಟಿಕೊಂಡು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋದದ್ದು ಅದನ್ನು ನೋಡಲೆಂದೇ.

ಗೇಟಿನಿಂದ ಕಾನ್ಹೇರಿ ಗುಹೆಗಳಿಗೆ ಸುಮಾರು ಆರು ಕಿಲೋಮೀಟರು. ಬಸ್ಸಿದೆ, ಆದರೂ ನಡೆದೇ ಹೋದೆವು. ಮಳೆಗಾಲ ಮುಗಿದಿತ್ತು, ಹಸುರು ಇನ್ನೂ ಮಾಸಿರಲಿಲ್ಲ. ದಹಿಸರ್ ನದಿ ಹುಟ್ಟುವುದು ಈ ಕಾಡಿನಲ್ಲೇ, 1879ರಲ್ಲಿ ಕಟ್ಟಿದ ತುಳಸಿ ಕೆರೆಯ ಬಳಿ. ಸುಮಾರು 12 ಕಿಲೋಮೀಟರು ಹರಿದು ಮನೋರಿ ಖಾಡಿ ಸೇರುತ್ತದೆ. ಕಾಡಿನೊಳಗೆ ಕಲ್ಲುಗಳ ನಡುವೆ ತಿಳಿಯಾಗಿ ಹರಿಯುವ ಅದೇ ನೀರನ್ನು ಗೇಟು ದಾಟಿದ ಮೇಲೆ ನೋಡಿದರೆ ನದಿ ಎನ್ನಲು ಮನಸ್ಸು ಬಾರದು. ಎಷ್ಟೋ ಜನ ಅದನ್ನು ನಾಲಾ ಎಂದೇ ಕರೆಯುತ್ತಾರೆ.

ಕಾನ್ಹೇರಿ ಎಂಬುದು ಕೃಷ್ಣಗಿರಿ ಎಂಬುದರ ರೂಪ. ಹಳೆಯ ಶಾಸನಗಳಲ್ಲಿ ‘ಕನ್ಹಸೇಲ’, ಅಂದರೆ ಕರಿಕಲ್ಲಿನ ಬೆಟ್ಟ. ನಡುವೆ ಹಳ್ಳದ ಕಣಿವೆ, ಎರಡೂ ಬದಿಗೆ ನೂರಕ್ಕೂ ಹೆಚ್ಚು ಗುಹೆಗಳು. ಕ್ರಿಸ್ತಪೂರ್ವ 1ನೇ ಶತಮಾನದ ಸುಮಾರಿನಿಂದ ಸಾವಿರ ವರ್ಷ ಬೌದ್ಧ ಭಿಕ್ಷುಗಳು ಇಲ್ಲಿ ವಾಸವಾಗಿದ್ದರು. ದೊಡ್ಡ ಚೈತ್ಯದ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರತಿ ಗುಹೆಯ ಪಕ್ಕದಲ್ಲಿ ಕೊರೆದ ನೀರಿನ ತೊಟ್ಟಿಗಳು. ಬಂಡೆಯಲ್ಲಿ ನೀರು ನಿಲ್ಲುವ ಇಂಥ ಜಾಗಕ್ಕೆ ನಮ್ಮ ಕಡೆ ದೊಣೆ ಎನ್ನುತ್ತೇವೆ. ಇಲ್ಲಿಯ ಪ್ರಾಕೃತ ಶಾಸನಗಳಲ್ಲಿ ಅದು ‘ಪೋಢಿ’. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯಲ್ಲೇ ತೆಗೆದ ಕಾಲುವೆಗಳಲ್ಲಿ ಇಳಿದು ಈ ತೊಟ್ಟಿಗಳಿಗೆ ಬರುತ್ತದೆ. ಕೆಳಗೆ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ್ದ ಹಳೆಯ ಒಡ್ಡಿನ ಕುರುಹೂ ಇದೆ. ನಾಲ್ಕು ತಿಂಗಳು ಸುರಿದು ಎಂಟು ತಿಂಗಳು ಒಣಗುವ ಊರಿನಲ್ಲಿ ಬದುಕುವ ಉಪಾಯವನ್ನು ಅವರು ಮೊದಲೇ ಯೋಚಿಸಿದ್ದರು.

ಈ ತೊಟ್ಟಿಗಳು ಯಾರೋ ಕೊಟ್ಟ ದಾನ. ವ್ಯಾಪಾರಿಗಳು ಕೊಟ್ಟಿದ್ದಾರೆ, ಭಿಕ್ಷುಣಿಯರೂ ಗೃಹಿಣಿಯರೂ ಕೊಟ್ಟಿದ್ದಾರೆ. ಕ್ರಿ.ಶ. 2ನೇ ಶತಮಾನದ ಒಂದು ಸಂಸ್ಕೃತ ಶಾಸನವಂತೂ ಮತ್ತೆ ಮತ್ತೆ ನೆನಪಾಗುತ್ತದೆ. ಸಾತವಾಹನ ದೊರೆ ವಾಸಿಷ್ಠೀಪುತ್ರ ಸಾತಕರ್ಣಿಯ ರಾಣಿಯನ್ನು ಅದು ಹೆಸರಿಸುತ್ತದೆ. ನೀರಿನ ತೊಟ್ಟಿಯನ್ನು ಕೊಟ್ಟವನು ಅಮಾತ್ಯ ಸತೇರಕ. ರಾಣಿ ಕಾರ್ದಮಕ ವಂಶದವಳು, ಒಬ್ಬ ಮಹಾಕ್ಷತ್ರಪನ ಮಗಳು. ತಂದೆಯ ಹೆಸರಿನಲ್ಲಿ ಉಳಿದಿರುವುದು ‘ರು’ ಎಂಬ ಒಂದೇ ಅಕ್ಷರ; ಅವನು ರುದ್ರದಾಮನೆಂದು ವಿದ್ವಾಂಸರು ಗುರುತಿಸಿದ್ದಾರೆ. ಗಂಡನ ಹೆಸರಿದೆ, ತಂದೆಯ ಗುರುತಿದೆ, ಮಂತ್ರಿಯ ಹೆಸರೂ ಇದೆ. ಅವಳ ಹೆಸರು ಮಾತ್ರ ನಮಗೆ ಸಿಗುವುದಿಲ್ಲ!

ಈ ರುದ್ರದಾಮನ ಕ್ರಿ.ಶ. 150ರ ಜುನಾಗಢ ಶಾಸನವೂ ನೀರಿನ ಕಥೆಯೇ. ಬಿರುಗಾಳಿ ಮಳೆಗೆ ಒಡೆದ ಸುದರ್ಶನ ಕೆರೆಯನ್ನು ಪ್ರಜೆಗಳ ಮೇಲೆ ತೆರಿಗೆ ಹೇರದೆ ದುರಸ್ತಿ ಮಾಡಿಸಿದೆನೆಂದು ಅವನು ಹೇಳಿಕೊಳ್ಳುತ್ತಾನೆ. ಸಾತಕರ್ಣಿಯನ್ನು ಎರಡು ಸಲ ಸೋಲಿಸಿಯೂ ಹತ್ತಿರದ ಸಂಬಂಧವೆಂದು ಬಿಟ್ಟುಬಿಟ್ಟೆ ಎಂಬ ಮಾತೂ ಅಲ್ಲಿದೆ. ತವರಿಗೂ ಗಂಡನ ಮನೆಗೂ ಯುದ್ಧ ನಡೆಯುವಾಗ ಅವಳ ಪಾಡು ಏನಿತ್ತೋ, ಅದನ್ನು ಯಾವ ಕಲ್ಲೂ ಬರೆದಿಟ್ಟಿಲ್ಲ.

ಇನ್ನು ನಾವು ಹುಡುಕಿ ಹೋದ ಕನ್ನಡ ದೊರೆ. ಅವನು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ, ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದವನು. ಆ ಗ್ರಂಥ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡ ನಾಡೆಂದು ಗುರುತಿಸಿದ ಕಾಲದಲ್ಲೇ ಕೊಂಕಣವನ್ನು ಅವನ ಅಧೀನದ ಶಿಲಾಹಾರರು ಆಳುತ್ತಿದ್ದರು. ಕಾನ್ಹೇರಿಯಲ್ಲಿ ಅವನನ್ನು ಹೆಸರಿಸುವ ಮೂರು ಶಾಸನಗಳಿವೆ: ಶಕ 765, 775 ಮತ್ತು 799. ಮೊದಲನೆಯದು, ಅಂದರೆ ಕ್ರಿ.ಶ. 843ರದು, ಶಿಲಾಹಾರ ಪುಲ್ಲಶಕ್ತಿಯ ಕಾಲದ್ದು. ಮುಂದಿನವು ಎರಡನೆಯ ಕಪರ್ದಿಯವು. ಭಿಕ್ಷುಗಳ ಬಟ್ಟೆಗೆ, ವಿಹಾರದ ದುರಸ್ತಿಗೆ, ಪುಸ್ತಕಕ್ಕೆ ಎಂದು ದ್ರಮ್ಮಗಳನ್ನು ಇಟ್ಟ ದಾನಗಳು. ಶಕ 775ರ ದಾನಿ ದೂರದ ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದವನು, ಹೆಸರು ಅವಿಘ್ನಾಕರ.

ಒಂದು ಮಾತು ಸ್ಪಷ್ಟವಾಗಿರಲಿ. ಈ ಶಾಸನಗಳ ಭಾಷೆ ಸಂಸ್ಕೃತ, ಕನ್ನಡವಲ್ಲ. ಬೊರಿವಲಿಯಲ್ಲಿ ಕನ್ನಡ ಶಾಸನವಿದೆ ಎಂದು ಅಭಿಮಾನದಿಂದ ಹೇಳಿಕೊಳ್ಳಲು ಆಗುವುದಿಲ್ಲ. ನನಗೆ ಅದರಿಂದ ಬೇಸರವಿಲ್ಲ. ಜೈನರಿಗೆ ಆಶ್ರಯ ಕೊಟ್ಟ ಕನ್ನಡ ದೊರೆ, ಕೊಂಕಣದ ಸಾಮಂತ, ಬಂಗಾಳದ ದಾನಿ, ಬೌದ್ಧ ಭಿಕ್ಷುಗಳು, ಎಲ್ಲರೂ ಒಂದೇ ಕಲ್ಲಿನ ಮೇಲೆ ಇದ್ದಾರಲ್ಲ, ನಮ್ಮ ಲೋಕಲ್ ಟ್ರೈನಿನ ಡಬ್ಬದ ಹಾಗೆ!

ಮಧ್ಯಾಹ್ನ ಒಂದು ತೊಟ್ಟಿಯ ಪಕ್ಕ ಕುಳಿತು ಚಿತ್ರಾನ್ನ ತಿಂದೆವು. ಚಕ್ಕುಲಿ ಡಬ್ಬ ಮಂಗಗಳ ಪಾಲಾಯಿತು. 2005ರ ಜುಲೈ 26ರ ಮಾತು ಹೇಗೋ ಬಂತು. ಅಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಿತ್ತು. ದಹಿಸರ್ ನದಿ ಉಕ್ಕಿದಾಗ ಗೆಳತಿಯೊಬ್ಬಳ ಮನೆಯೊಳಗೆ ಎದೆಮಟ್ಟ ನೀರು ನಿಂತಿತ್ತಂತೆ. ಅಷ್ಟು ನೀರಿನಲ್ಲಿ ಕುಡಿಯಲು ಒಂದು ಲೋಟವೂ ಇರಲಿಲ್ಲ ಎಂದಳು. ನಾವು ಕುಳಿತ ತೊಟ್ಟಿಯಲ್ಲಿ ಅಕ್ಟೋಬರಿನ ಬಿಸಿಲಿಗೂ ನೀರು ತಣ್ಣಗೆ ನಿಂತಿತ್ತು.